ಪೈಪು ಬಿರಿದರೆ ಕೆಚ್ಚಲಿಗೆ ಕುತ್ತು



"ಮಿಷನ್ ತಂದ ಮೇಲೇ ನಮ್ಮ ಹಸುವಿಗೆ ಕೆಚ್ಚಲು ಬಾವು ಶುರುವಾಯ್ತು ಡಾಕ್ಟ್ರೇ" ಎಂಬ ಮಾತು ನನಗೆ ಹೋದ ಕಡೆಯೆಲ್ಲ ಕೇಳಿಸುತ್ತದೆ. ಹೋಗಿ ನೋಡಿದರೆ ಮಿಷನ್ನಿಗೆ ನಾಲ್ಕೈದು ವರ್ಷವಾಗಿರುತ್ತದೆ, ಒಳಗಿನ ರಬ್ಬರ್ ಮಾತ್ರ ತಂದ ದಿನದ್ದೇ ಇರುತ್ತದೆ. ಅದಕ್ಕೇ ಹಸುವಿಗೆ ಸೂಜಿ ಹಾಕುವ ಮೊದಲು ನಾನು ಮಿಷನ್ನಿನ ಪೈಪುಗಳನ್ನು ಬಗ್ಗಿಸಿ ನೋಡುತ್ತೇನೆ.

ಹಾಲು ಕರೆಯುವ ಯಂತ್ರ ಕೈಯಂತೆ ಹಿಂಡುವುದಿಲ್ಲ. ಪಂಪು ಪೈಪಿನೊಳಗಿನ ಗಾಳಿಯನ್ನು ಎಳೆಯುತ್ತದೆ, ಆ ಎಳೆತಕ್ಕೆ ಮೊಲೆಯಿಂದ ಹಾಲು ಇಳಿಯುತ್ತದೆ. ಎಳೆತ ಒಂದೇ ಸಮನೆ ಇದ್ದರೆ ಮೊಲೆಯ ತುದಿಯಲ್ಲಿ ರಕ್ತ ಕಟ್ಟುತ್ತದೆ. ಆದ್ದರಿಂದ ಪಲ್ಸೇಟರ್ ಎಂಬ ಭಾಗವು ರಬ್ಬರ್ ಲೈನರಿಗೂ ಹೊರಗಿನ ಸ್ಟೀಲ್ ಕಪ್ಪಿಗೂ ನಡುವಿನ ಜಾಗಕ್ಕೆ ಒಮ್ಮೆ ಗಾಳಿ ಬಿಟ್ಟು, ಒಮ್ಮೆ ಎಳೆದು, ನಿಮಿಷಕ್ಕೆ ಸುಮಾರು 60 ಸಲ ಲೈನರನ್ನು ಮುಚ್ಚಿ ತೆರೆಯುತ್ತದೆ. ಮುಚ್ಚಿದ ಆ ಅರೆಗಳಿಗೆಯೇ ಮೊಲೆಗೆ ವಿಶ್ರಾಂತಿ. ಲೈನರಿನ ಕಪ್ಪಿನಿಂದ ಕ್ಲಾಗೆ ಹೋಗುವ ಬೆರಳುದ್ದದ ಸಣ್ಣ ಪೈಪು ಬಿರಿದರೆ ಆ ಒಂದು ಮೊಲೆಯ ಲೈನರ್ ಸರಿಯಾಗಿ ಮುಚ್ಚಿ ತೆರೆಯುವುದಿಲ್ಲ. ಮೂರು ಮೊಲೆ ಚೆನ್ನಾಗಿದ್ದು ಒಂದೇ ಮೊಲೆ ಪದೇಪದೇ ಕೆಡುತ್ತಿದ್ದರೆ ಮೊದಲು ಆ ಸಣ್ಣ ಪೈಪನ್ನು ನೋಡಿ. ಅದು ಸಾಮಾನ್ಯವಾಗಿ ಬಿರಿಯುವುದು ನಡುವೆ ಅಲ್ಲ, ತುದಿಯಲ್ಲಿ, ಲೋಹದ ಮೂತಿಗೆ ಸಿಕ್ಕಿಸುವ ಜಾಗದಲ್ಲಿ. ಬಗ್ಗಿಸದೆ ಬಿರುಕು ಕಾಣುವುದಿಲ್ಲ.

ನಿಮ್ಮೂರಿಗೆ ಹಾಲಿನ ಕ್ಯಾನು ಒಯ್ಯಲು ಬರುವ ಹಳೆಯ ಪಿಕಪ್ ಗಾಡಿಯ ಡ್ರೈವರನ್ನು ಕೇಳಿ. ಬ್ರೇಕ್ ಇದ್ದಕ್ಕಿದ್ದಂತೆ ಕಲ್ಲಿನಂತೆ ಗಟ್ಟಿಯಾದರೆ ಮೆಕ್ಯಾನಿಕ್ ಬೂಸ್ಟರಿಗೆ ಹೋಗುವ ವ್ಯಾಕ್ಯೂಮ್ ಪೈಪನ್ನು ತಡಕುತ್ತಾನೆ. ಅದೇ ತಡಕಾಟ ಕೊಟ್ಟಿಗೆಯಲ್ಲೂ ನಡೆಯಬೇಕು.

ಸೋರಿಕೆ ಹುಡುಕಲು ಕೆಲವರು ಗ್ಯಾಸ್ ಸಿಲಿಂಡರಿಗೆ ಮಾಡಿದಂತೆ ಸೋಪಿನ ನೊರೆ ಹಚ್ಚುತ್ತಾರೆ. ಇಲ್ಲಿ ಅದು ನಡೆಯದು. ಗಾಳಿ ಹೊರಗೆ ಬರುವುದಿಲ್ಲ, ಒಳಗೆ ಹೋಗುತ್ತದೆ. ಗುಳ್ಳೆ ಏಳದೆ ನೊರೆ ಒಳಕ್ಕೆ ಎಳೆದುಕೊಳ್ಳುತ್ತದೆ. ಹಸುಗಳಿಗೆ ಹಾಕದೆ, ನಾಲ್ಕೂ ಕಪ್ಪಿನ ಬಾಯಿ ಮುಚ್ಚಿ ಮೋಟಾರು ಚಾಲೂ ಮಾಡಿ. ಎರಡು ಮೊಳದ ತೆಳು ಪೈಪಿನ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ಜೋಡಣೆಗಳ ಬಳಿ ನಿಧಾನವಾಗಿ ಸರಿಸಿ. ಸುಯ್ ಎಂಬ ಸದ್ದು ಎಲ್ಲಿ ಜೋರಾಗುತ್ತದೋ ಅಲ್ಲೇ ಸೋರಿಕೆ. ರೆಗ್ಯುಲೇಟರಿನ ಬಳಿ ಮಾತ್ರ ಸದ್ದು ಇರಲೇಬೇಕು, ಹೆಚ್ಚಾದ ಎಳೆತವನ್ನು ತಗ್ಗಿಸಲು ಅದು ಗಾಳಿ ಒಳಬಿಡುತ್ತಿರುತ್ತದೆ. ಅಲ್ಲೇ ಸದ್ದಿಲ್ಲವೆಂದರೆ ಪಂಪಿಗೆ ಸಾಕಷ್ಟು ಶಕ್ತಿ ಇಲ್ಲ, ಎಲ್ಲೋ ಬಹಳ ಸೋರುತ್ತಿದೆ, ಇಲ್ಲವೇ ರೆಗ್ಯುಲೇಟರೇ ಧೂಳು ತುಂಬಿ ಕಟ್ಟಿಕೊಂಡಿದೆ. ಕಟ್ಟಿಕೊಂಡಿದ್ದರೆ ಗೇಜಿನ ಮುಳ್ಳು ಮೇಲಕ್ಕೇರಿರುತ್ತದೆ, ಮಿಕ್ಕೆರಡರಲ್ಲಿ ಕೆಳಗಿಳಿದಿರುತ್ತದೆ.

ಪಲ್ಸೇಟರ್ ಪರೀಕ್ಷೆ ಇನ್ನೂ ಸುಲಭ. ಕೈ ತೊಳೆದು, ಒಂದೊಂದೇ ಕಪ್ಪಿನೊಳಗೆ ಹೆಬ್ಬೆರಳು ಇಡಿ. ಲೈನರ್ ಹಿಡಿದು ಬಿಡುವುದು ತಿಳಿಯಬೇಕು. ಒಂದರಲ್ಲಿ ಹಿಡಿದು ಬಿಡುವುದು ಸರಿಯಾಗಿ ತಿಳಿಯದಿದ್ದರೆ ಆ ಪೈಪೋ ಲೈನರೋ ಕೆಟ್ಟಿದೆ. ಪಲ್ಸೇಟರಿನ ಗಾಳಿ ಪೈಪಿನಲ್ಲಿ ಹಾಲು ಕಂಡರೆ ಲೈನರ್ ಹರಿದಿದೆ ಎಂದೇ ಅರ್ಥ. ಹೊಸ ಲೈನರ್ ಹಾಕಿದರಷ್ಟೇ ಸಾಲದು, ಒಳಗೆ ಹೆಪ್ಪುಗಟ್ಟಿದ ಹಾಲನ್ನೂ ತೊಳೆದು ಒಣಗಿಸಬೇಕು.

ಕ್ಲಾ ಮೇಲೆ ಸೂಜಿ ಮೊನೆಯಷ್ಟು ಒಂದು ರಂಧ್ರವಿದೆ. ಅದು ಸೋರಿಕೆಯಲ್ಲ, ಹಾಲು ಮುಂದಕ್ಕೆ ಹರಿಯಲೆಂದು ಬಿಟ್ಟಿರುವ ಗಾಳಿದಾರಿ. ಕಟ್ಟಿಕೊಂಡರೆ ಕ್ಲಾದಲ್ಲಿ ಹಾಲು ನಿಂತು ಒಂದು ಮೊಲೆಯದು ಇನ್ನೊಂದಕ್ಕೆ ಎರಚುತ್ತದೆ, ಬಾವಿನ ರೋಗಾಣು ದಾಟುವುದೂ ಹೀಗೆಯೇ. ಅದನ್ನು ಸ್ವಚ್ಛವಾಗಿಡಿ, ಮೊಳೆ ಚುಚ್ಚಿ ದೊಡ್ಡದು ಮಾಡಬೇಡಿ. ಟೇಪು ಸುತ್ತಿ ಮುಚ್ಚಿದವರನ್ನೂ ನೋಡಿದ್ದೇನೆ!

ಲೈನರಿನ ಆಯುಷ್ಯ ಲೆಕ್ಕಕ್ಕೆ ಸಿಗುತ್ತದೆ. ಮಾಮೂಲಿ ರಬ್ಬರ್ ಲೈನರ್ ಸುಮಾರು 2500 ಕರಾವಿಗೆ ಬರುತ್ತದೆ. 10 ಹಸು, ದಿನಕ್ಕೆ ಎರಡು ಹೊತ್ತು, ಒಂದೇ ಕ್ಲಸ್ಟರ್ ಎಂದರೆ ದಿನಕ್ಕೆ 20 ಕರಾವು; 125 ದಿನಕ್ಕೆ ಮುಗಿಯಿತು. ಐದೇ ಹಸು ಇದ್ದರೂ ಆರು ತಿಂಗಳು ದಾಟಿಸಬೇಡಿ. ಹಾಲಿನ ಜಿಡ್ಡು ಹೀರಿ ರಬ್ಬರ್ ಸಡಿಲವಾಗುತ್ತದೆ, ಬಿರುಕಿನಲ್ಲಿ ರೋಗಾಣು ಸೇರುತ್ತದೆ, ತೊಳೆದರೂ ಹೋಗದು. ನಾಲ್ಕನ್ನೂ ಒಟ್ಟಿಗೇ ಬದಲಿಸಿ. ಒಂದು ಸೆಟ್ ಲೈನರಿನ ಬೆಲೆ ಹೆಚ್ಚೆನಿಸಿದರೆ, ಒಂದು ಮೊಲೆ ಬತ್ತಿದ ಹಸು ಸಂತೆಯಲ್ಲಿ ಎಷ್ಟಕ್ಕೆ ಹೋಗುತ್ತದೆ ಎಂದು ನೆನೆದುಕೊಳ್ಳಿ.

ಒಂದು ಎಚ್ಚರಿಕೆ. ಸೋರಿಕೆಯಿಂದ ಗೇಜು ಇಳಿದಾಗ ಹಲವರು ರೆಗ್ಯುಲೇಟರನ್ನು ಬಿಗಿ ಮಾಡಿರುತ್ತಾರೆ. ಪೈಪು ಸರಿಮಾಡಿದ ಮೇಲೆ ಎಳೆತ ಮಿತಿಮೀರುತ್ತದೆ, ಮೊಲೆತುದಿ ಕೆಂಪಾಗಿ ಒರಟಾಗುತ್ತದೆ. ಆದ್ದರಿಂದ ರಿಪೇರಿಯ ನಂತರ ಗೇಜನ್ನು ಮತ್ತೆ ನೋಡಿ. ಹಸುಗಳಿಗೆ ಬಕೆಟ್ ಮಿಷನ್ನಿನಲ್ಲಿ ಸಾಮಾನ್ಯವಾಗಿ 45ರಿಂದ 50 ಕಿಲೋಪಾಸ್ಕಲ್, ಇಂಚಿನ ಗೇಜಾದರೆ 13ರಿಂದ 15. ನಿಮ್ಮ ಮಿಷನ್ನಿನ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ.

ಈಗಾಗಲೇ ಬಾವು ಇರುವ ಹಸುವನ್ನು ಕೊನೆಗೆ, ಬೇರೆ ಪಾತ್ರೆಗೆ, ಕೈಯಲ್ಲೇ ಕರೆಯಿರಿ; ಆ ಹಾಲು ಸಂಘದ ಕ್ಯಾನಿಗೆ ಬೇಡ. ಲೈನರ್ ಬದಲಿಸಿದ ತಾರೀಖನ್ನು ಪಂಪಿನ ಪಕ್ಕದ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ, ನಾನು ಬಂದಾಗ ಮೊದಲು ಅದನ್ನೇ ನೋಡುತ್ತೇನೆ.