ದಂಡಿತರ ಕಿರೀಟ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಫುಟ್‌ಬಾಲ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಆಟವು ಭಾರತದ ಬಯಲುಗಳಲ್ಲಿ ಕಾಣುವ ಕಾಲ್ಚೆಂಡಾಟವಲ್ಲ. ಅಲ್ಲಿ ಚೆಂಡು ಅಂಡಾಕಾರದ್ದು. ಆಟಗಾರರು ಅದನ್ನು ಕೈಯಲ್ಲಿ ಹಿಡಿದೇ ಓಡುತ್ತಾರೆ. ಹೆಸರಿಗೂ ಆಟಕ್ಕೂ ಇರುವ ಈ ವಿಸಂಗತಿಯು ಅಲ್ಲಿನ ಜನರನ್ನು ಬಾಧಿಸಿದಂತೆ ಕಾಣುವುದಿಲ್ಲ. ವಿಶ್ವವಿದ್ಯಾಲಯಗಳ ತಂಡಗಳು ಸೆಣಸುವಾಗ ಕೆಲವು ಕ್ರೀಡಾಂಗಣಗಳಲ್ಲಿ ಲಕ್ಷಕ್ಕೂ ಮೀರಿದ ಪ್ರೇಕ್ಷಕರು ನೆರೆಯುವುದುಂಟು.

ಇಷ್ಟು ಜನಾದರ ಪಡೆದ ಆಟದಲ್ಲಿ ರಾಷ್ಟ್ರವಿಜೇತರನ್ನು ನಿರ್ಣಯಿಸುವ ಕ್ರಮವು ವಿಚಿತ್ರವಾದುದು. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್.ಸಿ.ಎ.ಎ. ಎಂಬ ರಾಷ್ಟ್ರೀಯ ಸಂಘವು ಇತರ ಅನೇಕ ಆಟಗಳಲ್ಲಿ ತಾನೇ ಪಂದ್ಯಾವಳಿಯನ್ನು ನಡೆಸಿ ವಿಜೇತರನ್ನು ಘೋಷಿಸುತ್ತದೆ. ಆದರೆ ಫುಟ್‌ಬಾಲಿನ ಅತ್ಯುನ್ನತ ಶ್ರೇಣಿಯಲ್ಲಿ ಅದು ಹಾಗೆ ಮಾಡಿಲ್ಲ. ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆಯು 1936ರಿಂದ ಪತ್ರಕರ್ತರ ಮತಗಳನ್ನು ಸಂಗ್ರಹಿಸಿ ತಂಡಗಳ ಶ್ರೇಯಾಂಕವನ್ನು ಪ್ರಕಟಿಸುತ್ತ ಬಂದಿತು. 1950ರಲ್ಲಿ ತರಬೇತುದಾರರ ಮತದಾನವೂ ಇದಕ್ಕೆ ಜೊತೆಗೂಡಿತು. ಎರಡು ಪಟ್ಟಿಗಳ ಶಿರೋಭಾಗದಲ್ಲಿ ಎರಡು ಬೇರೆ ಬೇರೆ ಹೆಸರುಗಳಿದ್ದರೆ ಎರಡು ತಂಡಗಳೂ ತಾವೇ ರಾಷ್ಟ್ರವಿಜೇತರೆಂದು ಹೇಳಿಕೊಳ್ಳುತ್ತಿದ್ದವು. ಹೀಗಾಗಿ ವಿಜಯವು ಅಂಗಳದಲ್ಲಿ ಗಳಿಸುವ ವಸ್ತುವಾಗಿದ್ದಂತೆಯೇ ಹಕ್ಕು ಸಾಧಿಸುವ ವಸ್ತುವೂ ಆಯಿತು.

ಋತುವಿನ ನಿಗದಿತ ಪಂದ್ಯಗಳು ಮುಗಿದ ಮೇಲೆ, ಹೊಸ ವರ್ಷದ ಆಸುಪಾಸಿನಲ್ಲಿ, ಶ್ರೇಷ್ಠ ತಂಡಗಳನ್ನು ಆಮಂತ್ರಿಸಿ ನಡೆಸುವ ಪಂದ್ಯಗಳಿಗೆ 'ಬೌಲ್' ಎಂದು ಹೆಸರು. ನಿಯಮವನ್ನು ಮೀರಿದ ವಿದ್ಯಾಲಯದ ತಂಡವು ಈ ಪಂದ್ಯಗಳಲ್ಲಿ ಆಡಕೂಡದೆಂದು ವಿಧಿಸುವುದು ಎನ್.ಸಿ.ಎ.ಎ.ಯ ಕಠಿಣ ದಂಡನೆಗಳಲ್ಲೊಂದು. ಹೀಗೆ ದಂಡಿತವಾದ ತಂಡವು ಒಂದು ಪಂದ್ಯವನ್ನೂ ಸೋಲದೆ ಋತುವನ್ನು ಮುಗಿಸಿದರೆ ಅದನ್ನು ಏನೆಂದು ಕರೆಯಬೇಕು?

1957ರಲ್ಲಿ ಆಬರ್ನ್ ತಂಡವು ಇಂಥ ನಿಷೇಧಕ್ಕೆ ಒಳಗಾಗಿತ್ತು. ಅದು ಹತ್ತು ಪಂದ್ಯಗಳನ್ನಾಡಿ ಹತ್ತರಲ್ಲೂ ಗೆದ್ದಿತು. ಎದುರಾಳಿಗಳಿಗೆ ಇಡೀ ಋತುವಿನಲ್ಲಿ ಬಿಟ್ಟುಕೊಟ್ಟ ಅಂಕಗಳು ಕೇವಲ 28. ಪತ್ರಕರ್ತರು ಆಬರ್ನನ್ನೇ ಪ್ರಥಮವೆಂದು ಸಾರಿದರು. ತರಬೇತುದಾರರು ಒಹಾಯೊ ಸ್ಟೇಟ್ ತಂಡವನ್ನು ಆರಿಸಿದರು. ಆ ಕಾಲದಲ್ಲಿ ಅಂತಿಮ ಮತದಾನವು ಬೌಲ್ ಪಂದ್ಯಗಳಿಗೆ ಮೊದಲೇ ಮುಗಿಯುತ್ತಿದ್ದುದರಿಂದ ನಿಷೇಧವು ಶ್ರೇಯಾಂಕಕ್ಕೆ ಅಡ್ಡಿಯಾಗಲಿಲ್ಲ.

ಓಕ್ಲಹೋಮ ವಿಶ್ವವಿದ್ಯಾಲಯದ ಪ್ರಸಂಗವು ಇದಕ್ಕಿಂತ ಜಟಿಲವಾದುದು. ತಂಡಕ್ಕೆ ಸೇರಿದ ಆಟಗಾರನೊಬ್ಬನ ಪ್ರೌಢಶಾಲಾ ಅಂಕಪಟ್ಟಿಯನ್ನು ತಿದ್ದಲಾಗಿತ್ತೆಂಬುದು 1973ರಲ್ಲಿ ಬಯಲಾಯಿತು. ಅದರ ಫಲವಾಗಿ 1973 ಮತ್ತು 1974ರ ಋತುಗಳಲ್ಲಿ ಬೌಲ್ ಪಂದ್ಯಗಳು ತಂಡಕ್ಕೆ ನಿಷಿದ್ಧವಾದವು. ಅದರ ಆಟವು ದೂರದರ್ಶನದಲ್ಲಿ ಪ್ರಸಾರವಾಗುವುದಕ್ಕೂ ತಡೆ ಬಿದ್ದಿತು. ಬ್ಯಾರಿ ಸ್ವಿಟ್ಜರ್ ಆಗತಾನೆ ಮುಖ್ಯ ತರಬೇತುದಾರರಾಗಿದ್ದರು. 1973ರಲ್ಲಿ ತಂಡವು ಒಂದೂ ಪಂದ್ಯವನ್ನು ಸೋಲಲಿಲ್ಲ. ಸದರ್ನ್ ಕ್ಯಾಲಿಫೋರ್ನಿಯ ತಂಡದೊಡನೆ ಮಾತ್ರ 7-7ರ ಸಮಬಲವಾಯಿತು. 1974ರಲ್ಲಿ ಹನ್ನೊಂದಕ್ಕೆ ಹನ್ನೊಂದೂ ಗೆಲುವು. ಟೆಕ್ಸಸ್ ತಂಡವೊಂದೇ ಅದನ್ನು ಕಾಡಿ 16-13ರಿಂದ ಸೋತಿತು. ದೇಶದ ಬಹುಪಾಲು ಜನ ಈ ಪರಾಕ್ರಮವನ್ನು ಕಣ್ಣಾರೆ ಕಾಣದೆ ಪತ್ರಿಕೆಗಳಲ್ಲಿ ಓದಿ ತೃಪ್ತರಾಗಬೇಕಾಯಿತು.

ಆ ವರ್ಷವೇ ತರಬೇತುದಾರರು ತಮ್ಮ ನಿಯಮವನ್ನು ಬಿಗಿಗೊಳಿಸಿ, ದಂಡಿತ ತಂಡಗಳಿಗೆ ಮತ ಸಲ್ಲದೆಂದು ನಿರ್ಧರಿಸಿದ್ದರು. ಆದುದರಿಂದ ಅವರ ಪಟ್ಟಿಯಲ್ಲಿ ಓಕ್ಲಹೋಮದ ಹೆಸರೇ ಇರಲಿಲ್ಲ. ಪ್ರಥಮ ಸ್ಥಾನವು ಸದರ್ನ್ ಕ್ಯಾಲಿಫೋರ್ನಿಯಕ್ಕೆ ದೊರೆಯಿತು. ಆ ತಂಡ ಒಂದು ಪಂದ್ಯವನ್ನು ಸೋತಿತ್ತು, ಒಂದರಲ್ಲಿ ಸಮಬಲ ಸಾಧಿಸಿತ್ತು; ಆದರೆ ರೋಸ್ ಬೌಲಿನಲ್ಲಿ ಒಹಾಯೊ ಸ್ಟೇಟನ್ನು 18-17ರಿಂದ ಮಣಿಸಿತ್ತು. ಪತ್ರಕರ್ತರಾದರೋ ಓಕ್ಲಹೋಮಕ್ಕೇ ಅಗ್ರಸ್ಥಾನ ನೀಡಿದರು.

ಎರಡು ನಿರ್ಣಯಗಳ ಹಿಂದೆಯೂ ವಿಚಾರವಿದೆ. ದಂಡನೆಯ ಕಾಲದಲ್ಲೇ ಕಿರೀಟವೂ ದೊರೆತರೆ ನಿಯಮವನ್ನು ಪಾಲಿಸಿದವರಿಗೆ ಅನ್ಯಾಯವಾಗುತ್ತದೆ. ಅಲ್ಲದೆ ಕೊನೆಯ ಕಠಿಣ ಪರೀಕ್ಷೆಯಾದ ಬೌಲ್ ಪಂದ್ಯವನ್ನು ಆಡದ ತಂಡವು ಸೋಲಿನ ಅಪಾಯದಿಂದಲೂ ಪಾರಾಗುತ್ತದೆ. ಇತ್ತ, ಅಂಕಪಟ್ಟಿಯನ್ನು ತಿದ್ದಿದ ಕೈ ಒಂದಾದರೆ ಶಿಕ್ಷೆ ಅನುಭವಿಸಿದವರು ಅದರ ಸುಳಿವೂ ಇಲ್ಲದ ಹತ್ತಾರು ತರುಣರು. ಅವರು ಮೈದಾನದಲ್ಲಿ ಗೆದ್ದುದು ಸುಳ್ಳಲ್ಲ. ಈ ಎರಡನೆಯ ವಾದಕ್ಕೆ ತೂಕ ಹೆಚ್ಚೆಂದೇ ತೋರುತ್ತದೆ. ಆದರೂ ಮೊದಲನೆಯದನ್ನು ತಳ್ಳಿಹಾಕುವುದು ಸುಲಭವಲ್ಲ.

ನಿಷೇಧದ ನಡುವೆ ಅಜೇಯವಾದ ಎಲ್ಲ ತಂಡಗಳಿಗೂ ಇಂಥ ಗೌರವ ದೊರೆಯಲಿಲ್ಲ. 2012ರಲ್ಲಿ ಒಹಾಯೊ ಸ್ಟೇಟ್ ಹನ್ನೆರಡು ಪಂದ್ಯಗಳನ್ನೂ ಗೆದ್ದರೂ ಪತ್ರಕರ್ತರ ಅಂತಿಮ ಪಟ್ಟಿಯಲ್ಲಿ ಮೂರನೆಯದಾಯಿತು. ಹಿಂದಿನ ಕೆಲವು ಆಟಗಾರರು ತಮ್ಮ ಸ್ಮರಣಿಕೆಗಳನ್ನು ಕೊಟ್ಟು ಹಣವನ್ನೂ ಹಚ್ಚೆಯನ್ನೂ ಪಡೆದುದು ಆ ನಿಷೇಧಕ್ಕೆ ಕಾರಣ. ಆ ವರ್ಷದ ರಾಷ್ಟ್ರವಿಜಯವನ್ನು ವಿದ್ಯಾಲಯವು ತನ್ನದೆಂದು ಹೇಳಿಕೊಂಡಿಲ್ಲ.

ಆಬರ್ನಿನ ನಡೆ ಬೇರೆಯಾಯಿತು. 1993ರಲ್ಲಿ ಅದು ಮತ್ತೆ ನಿಷೇಧಕ್ಕೊಳಗಾಗಿ, ಹಿಂದಿನ ತರಬೇತುದಾರರ ಕಾಲದ ತಪ್ಪಿನ ಹೊರೆಯನ್ನು ಹೊತ್ತು, ಹನ್ನೊಂದು ಪಂದ್ಯಗಳನ್ನೂ ಗೆದ್ದಿತ್ತು. ಪತ್ರಕರ್ತರು ಆಗ ಅದಕ್ಕೆ ಕೊಟ್ಟುದು ನಾಲ್ಕನೆಯ ಸ್ಥಾನ. 2025ರಲ್ಲಿ ವಿದ್ಯಾಲಯವು ತನ್ನ ಹಳೆಯ ದಾಖಲೆಗಳನ್ನು ಪುನರ್ವಿಮರ್ಶಿಸಿ, 1993ನ್ನೂ ಸೇರಿಸಿ ಒಟ್ಟು ಒಂಬತ್ತು ರಾಷ್ಟ್ರವಿಜಯಗಳು ತನ್ನವೆಂದು ಪ್ರಕಟಿಸಿತು. ಆ ಋತುವಿನಲ್ಲಿ ಆಡಿದ ತರುಣರು ಅಷ್ಟು ಹೊತ್ತಿಗೆ ಐವತ್ತರ ಆಸುಪಾಸಿಗೆ ಬಂದಿದ್ದರು.