ಮಗುವಿನ ಕಾರ್ ಸೀಟು: ಬಟ್ಟೆ ಒಗೆಯಿರಿ, ಪಟ್ಟಿ ಒಗೆಯಬೇಡಿ

ವಾರಾಂತ್ಯ ಬಂತೆಂದರೆ ಶ್ರೀರಂಗಪಟ್ಟಣದ ಕಡೆಗೆ ಕಾರುಗಳ ಸಾಲು. ನಿಮಿಷಾಂಬ ದೇವಾಲಯ, ರಂಗನತಿಟ್ಟು, ಸಂಗಮ, ಅಲ್ಲಿಂದ ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಎಂದು ಸುತ್ತುವ ಕುಟುಂಬಗಳ ಕಾರಿನ ಹಿಂಬದಿಯಲ್ಲಿ ಮಗುವಿಗೆಂದೇ ಕೂರಿಸಿದ ಪುಟ್ಟ ಸೀಟು ಈಗ ಅಪರೂಪದ ನೋಟವೇನಲ್ಲ. ಮನೆಗೆ ಮರಳಿದ ಮೇಲೆ ಆ ಸೀಟಿನ ಅವಸ್ಥೆ ನೋಡಬೇಕು. ಮದ್ದೂರು ವಡೆಯ ಪುಡಿ, ಪುಳಿಯೋಗರೆಯ ಎಣ್ಣೆ, ದಾರಿಬದಿಯಲ್ಲಿ ಕುಡಿಸಿದ ಕಬ್ಬಿನ ಹಾಲು, ಮೇಲುಕೋಟೆಯ ತಿರುವುಗಳಲ್ಲಿ ಮಗು ಮಾಡಿಕೊಂಡ ವಾಂತಿ ಎಲ್ಲವೂ ಅದರ ಮೇಲೆಯೇ.

ಮರುದಿನ ಬೆಳಗ್ಗೆ ಸೀಟು ಅಂಗಳಕ್ಕೆ ಬರುತ್ತದೆ. ಬಕೆಟ್ ನೀರು, ಸೋಪಿನ ಪುಡಿ, ಒರಟು ಬ್ರಷ್ಷು ಸಿದ್ಧವಾಗುತ್ತವೆ. ಪುರುಸೊತ್ತಿಲ್ಲದವರು ಕಾರನ್ನು ವಾಟರ್ ಸರ್ವಿಸ್‌ಗೆ ಬಿಟ್ಟು, ‘ಇದಕ್ಕೂ ಸ್ವಲ್ಪ ನೀರು ಹೊಡೆದುಬಿಡಿ’ ಎನ್ನುತ್ತಾರೆ. ಸಂಜೆಗೆ ಸೀಟು ಹೊಸದರಂತೆ ಹೊಳೆಯುತ್ತದೆ. ಆದರೆ ಅಪಘಾತದ ಕ್ಷಣದಲ್ಲಿ ಮಗುವನ್ನು ಹಿಡಿದಿಡಬೇಕಾದ ಪಟ್ಟಿ ಮೊದಲಿನಷ್ಟೇ ಗಟ್ಟಿಯಾಗಿ ಉಳಿದಿದೆಯೇ ಎಂಬುದನ್ನು ಕಣ್ಣಿನಿಂದ ಹೇಳಲು ಸಾಧ್ಯವಿಲ್ಲ. ತೊಂದರೆ ಇರುವುದೇ ಅಲ್ಲಿ.

ಪಟ್ಟಿಯ ಮೇಲೆ ಬೀಳುವ ಭಾರ

ಒಂದು ಸರಳ ಲೆಕ್ಕ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುತ್ತಿರುವ ಕಾರಿನಲ್ಲಿ 10 ಕೆ.ಜಿ. ತೂಕದ ಮಗುವಿದೆ ಎನ್ನೋಣ. ಡಿಕ್ಕಿಯಾಗಿ ಅರ್ಧ ಮೀಟರ್ ಅಂತರದೊಳಗೆ ಮಗುವಿನ ಚಲನೆ ನಿಲ್ಲಬೇಕಾದರೆ ಸರಾಸರಿ ಸುಮಾರು 280 ಕೆ.ಜಿ. ಭಾರವನ್ನು ಹಿಡಿದೆತ್ತುವಷ್ಟು ಬಲ ಬೇಕು. ಐವತ್ತು ಕೆ.ಜಿ.ಯ ಐದು ಅಕ್ಕಿ ಮೂಟೆಗಳಿಗಿಂತಲೂ ಹೆಚ್ಚು! ತೊಡೆಯ ಮೇಲೆ ಕೂರಿಸಿಕೊಂಡು ‘ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ’ ಎನ್ನುವ ತಾಯಿಯ ಮಾತು ಎಷ್ಟೇ ಪ್ರೀತಿಯದಾದರೂ ಆ ಬಲ ಯಾವ ತೋಳಿಗೂ ಇಲ್ಲ. ಎರಡು ಬೆರಳಗಲದ ಪಟ್ಟಿಗೆ ಇದೆ, ಅದು ಕೆಡದೆ ಇದ್ದರೆ.

2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ, ಹದಿನಾಲ್ಕು ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಸಾಧನದಿಂದ ಭದ್ರಪಡಿಸದೆ ಕರೆದೊಯ್ದರೆ 1,000 ರೂಪಾಯಿ ದಂಡ. ದಂಡಕ್ಕಿಂತ ರಸ್ತೆಯೇ ಹೆಚ್ಚು ಎಚ್ಚರಿಸಬೇಕು. ಶ್ರೀರಂಗಪಟ್ಟಣದ ಬಳಿ ಹಾದುಹೋಗುವ ಬೆಂಗಳೂರು–ಮೈಸೂರು ಹೆದ್ದಾರಿಯ ಹೊಸ ಪಥ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಮೇಲೆ ವಾಹನಗಳ ವೇಗವೇ ಬೇರೆಯಾಯಿತು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್‌ನಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿಯ ಓಟ. ಪಾಂಡವಪುರದಿಂದ ಚಿನಕುರಳಿ ಮಾರ್ಗವಾಗಿ ಕೃಷ್ಣರಾಜಪೇಟೆಗೆ ಹೋಗುವವರಿಗೆ ಕಬ್ಬು ಕಡಿಯುವ ಕಾಲದಲ್ಲಿ ಎದುರಾಗುವುದು ಮಿತಿಮೀರಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು. ಹಠಾತ್ತನೆ ಬ್ರೇಕ್ ಒತ್ತುವ ಪ್ರಸಂಗ ಈ ನಾಲ್ಕು ತಾಲ್ಲೂಕುಗಳ ಯಾವ ರಸ್ತೆಯಲ್ಲೂ ಬರಬಹುದು.

ಏಕೆ ನೆನೆಸಬಾರದು?

ಸೀಟಿನ ಪಟ್ಟಿ ಸಾಮಾನ್ಯ ಲಾಡಿಯಲ್ಲ. ಸಾವಿರಾರು ಸೂಕ್ಷ್ಮ ಕೃತಕ ಎಳೆಗಳನ್ನು, ಹೆಚ್ಚಾಗಿ ಪಾಲಿಯೆಸ್ಟರ್ ಎಳೆಗಳನ್ನು, ಒತ್ತಾಗಿ ನೆಯ್ದು ಮಾಡಿದ ವಸ್ತು ಅದು. ಡಿಕ್ಕಿಯ ಹೊತ್ತಿನಲ್ಲಿ ಎಷ್ಟು ಹಿಗ್ಗಬೇಕು, ಎಷ್ಟರಲ್ಲಿ ನಿಲ್ಲಬೇಕು ಎಂಬುದನ್ನು ಲೆಕ್ಕಹಾಕಿಯೇ ನೆಯ್ದಿರುತ್ತಾರೆ. ನೀರಿನಲ್ಲಿ ನೆನೆಹಾಕಿದರೆ, ವಾಷಿಂಗ್ ಮೆಷಿನ್ನಿನಲ್ಲಿ ತಿರುಗಿಸಿದರೆ, ಒಗೆಯುವ ಕಲ್ಲಿನ ಮೇಲೆ ಬಡಿದರೆ ಆ ನೆಯ್ಗೆ ಸಡಿಲಗೊಳ್ಳಬಹುದು ಅಥವಾ ಕುಗ್ಗಬಹುದು. ಬ್ಲೀಚಿಂಗ್ ಪುಡಿ, ಫಿನಾಯಿಲ್, ಕ್ರಿಮಿನಾಶಕ ದ್ರವ, ಖಾರವಾದ ಡಿಟರ್ಜೆಂಟ್ ಇವು ಎಳೆಗಳನ್ನೇ ದುರ್ಬಲಗೊಳಿಸಬಲ್ಲವು. ಇಸ್ತ್ರಿಯ ಬಿಸಿಯಂತೂ ಎಳೆಯನ್ನು ಕರಗಿಸಿಬಿಡುತ್ತದೆ. ಇಷ್ಟಾದರೂ ಪಟ್ಟಿ ನೋಡಲು ಚೊಕ್ಕವಾಗಿಯೇ ಇರುತ್ತದೆ. ಆದ್ದರಿಂದಲೇ ಸೀಟಿನ ತಯಾರಕರು ತಮ್ಮ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಪಟ್ಟಿಯನ್ನು ಒರೆಸಿ, ಒಗೆಯಬೇಡಿ.

ಒರೆಸುವ ಕ್ರಮ ಸುಲಭ. ಉಗುರುಬೆಚ್ಚನೆಯ ನೀರಿಗೆ ಮಗುವಿನ ಮೈಗೆ ಹಚ್ಚುವಂತಹ ಸೌಮ್ಯ ಸೋಪನ್ನು ಒಂದಿಷ್ಟು ಕದಡಿ, ಮೆದು ಬಟ್ಟೆಯನ್ನು ಅದ್ದಿ ಹಿಂಡಿ, ಪಟ್ಟಿಯ ಉದ್ದಕ್ಕೆ ಒರೆಸಬೇಕು. ಅಡ್ಡಡ್ಡ ಉಜ್ಜಬಾರದು. ಬಳಿಕ ಸೋಪಿಲ್ಲದ ಒದ್ದೆ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ ನೆರಳಿನಲ್ಲಿ ಆರಲು ಬಿಡಬೇಕು. ಕಲೆ ಪೂರ್ತಿ ಹೋಗದಿರಬಹುದು. ಹೋಗದಿದ್ದರೆ ಇರಲಿ ಬಿಡಿ. ಕಲೆಯಿರುವ ಪಟ್ಟಿ ಮಗುವನ್ನು ಕಾಪಾಡುತ್ತದೆ. ವಾಂತಿ, ಮೂತ್ರ ಒಳಕ್ಕಿಳಿದು ವಾಸನೆ ಹೋಗುವುದೇ ಇಲ್ಲವೆಂದಾದರೆ ಅದೇ ಕಂಪನಿಯ ಬದಲಿ ಪಟ್ಟಿ ತರಿಸುವುದು ಸರಿಯಾದ ದಾರಿ. ಪೇಟೆಯ ಟೈಲರ್ ಬಳಿ ಬೇರೆ ಲಾಡಿ ಹೊಲಿಸುವ ಉಪಾಯ ಮಾತ್ರ ಖಂಡಿತ ಬೇಡ.

ನಾಗಮಂಗಲದ ನೀರು ಮತ್ತು ಒಂದು ಚೊಂಬು

ನೀರಿನ ವಿಚಾರವನ್ನೂ ಇಲ್ಲಿ ಹೇಳಬೇಕು. ಶ್ರೀರಂಗಪಟ್ಟಣ, ಪಾಂಡವಪುರದ ಕಾಲುವೆ ಸೀಮೆಯ ಕಾವೇರಿ ನೀರು ಅಷ್ಟೊಂದು ಗಡಸಲ್ಲ. ನಾಗಮಂಗಲದ ಹಳ್ಳಿಗಳಲ್ಲಿ, ಕೃಷ್ಣರಾಜಪೇಟೆಯ ಬಯಲು ಭಾಗಗಳಲ್ಲಿ ಕೊಳವೆಬಾವಿಯೇ ಗತಿಯಾದ ಮನೆಗಳು ಬಹಳ. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ನೊರೆ ಬಿಡುವುದಿಲ್ಲ. ನೀರಿನ ಸುಣ್ಣದಂಶದೊಡನೆ ಸೇರಿ ಬಿಳಿಯ ಜಿಗುಟಾಗುತ್ತದೆ. ಬಕೆಟ್ಟಿನ ಅಂಚಿನಲ್ಲಿ ಕಾಣುವ ಆ ಜಿಗುಟೇ ಪಟ್ಟಿಯ ಎಳೆಗಳ ನಡುವೆ ಕುಳಿತು ಒಣಗಿದರೆ ಪಟ್ಟಿ ಬಿರುಸಾಗುತ್ತದೆ, ಸೀಟಿನ ಸೀಳುಗಳಲ್ಲಿ ಸಲೀಸಾಗಿ ಜಾರುವುದಿಲ್ಲ, ಮಗುವಿನ ಎದೆಗೆ ಸರಿಯಾಗಿ ಬಿಗಿಯಲಾಗುವುದಿಲ್ಲ. ಪರಿಹಾರ ದುಬಾರಿಯದಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ಅಥವಾ ಹಿಡಿದಿಟ್ಟ ಮಳೆನೀರು ಒಂದು ಚೊಂಬು ಸಾಕು. ಹೊದಿಕೆಯನ್ನು ಮಾಮೂಲಿ ನೀರಿನಲ್ಲಿ ಒಗೆದು, ಪಟ್ಟಿಗೆ ಮಾತ್ರ ಈ ನೀರನ್ನು ಬಳಸಬಹುದು.

ಇನ್ನು ಕಬ್ಬಿನ ಹಾಲು. ನೋಡಲು ನಿರುಪದ್ರವಿ, ಒಣಗಿದ ಮೇಲೆ ಬೆಲ್ಲದ ಪಾಕದಂತೆ ಅಂಟು. ಅದು ಸೇರುವ ಜಾಗ ಬಕಲ್, ಅಂದರೆ ಮಗುವಿನ ಕಾಲುಗಳ ನಡುವೆ ಬರುವ ಬೀಗ. ಅಂಟು ಹಿಡಿದ ಬಕಲ್ ‘ಕ್ಲಿಕ್’ ಎನ್ನದೆಯೇ ಕೂಡಿಕೊಂಡಂತೆ ನಟಿಸುತ್ತದೆ. ಇಲ್ಲವೇ ತುರ್ತಿನಲ್ಲಿ ಬಿಚ್ಚಿಕೊಳ್ಳುವುದೇ ಇಲ್ಲ. ಎರಡೂ ಅಪಾಯವೇ. ಸೀಟಿನ ಕೈಪಿಡಿ ಬೇಡವೆನ್ನದಿದ್ದರೆ ಒಂದು ಲೋಟ ಉಗುರುಬೆಚ್ಚನೆಯ ಬರಿ ನೀರಿನಲ್ಲಿ ಬಕಲ್‌ನ ತಲೆಯನ್ನಷ್ಟೇ ಅದ್ದಿ, ಗುಂಡಿಯನ್ನು ಹತ್ತಾರು ಬಾರಿ ಒತ್ತಿ ಬಿಡಬೇಕು. ಪಟ್ಟಿ ನೀರಿಗೆ ಇಳಿಯಬಾರದು. ನೀರು ಕಂದುಬಣ್ಣಕ್ಕೆ ತಿರುಗಿದರೆ ಚೆಲ್ಲಿ ಮತ್ತೊಂದು ಲೋಟ. ಒಣಗಿದ ಮೇಲೆ ಸ್ಪಷ್ಟವಾಗಿ ‘ಕ್ಲಿಕ್’ ಸದ್ದು ಬರಬೇಕು. ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ಸಲೀಸಾಗುತ್ತದೆಂಬ ನಂಬಿಕೆ ಹಲವರಲ್ಲಿದೆ. ಎಣ್ಣೆ ಧೂಳನ್ನು ಕರೆಯುತ್ತದೆ. ಆಲೆಮನೆಗಳ ಬೂದಿ, ಮಣ್ಣುರಸ್ತೆಯ ಧೂಳು ಹಾರುವ ಸೀಮೆಯಲ್ಲಿ ಎಣ್ಣೆ ಬಿಟ್ಟ ಬಕಲ್ ತಿಂಗಳೊಳಗೆ ಮತ್ತೆ ಗಟ್ಟಿಯಾದರೆ ಆಶ್ಚರ್ಯವಿಲ್ಲ.

ಹೊದಿಕೆಯ ಬಟ್ಟೆಗೆ ಇಷ್ಟೆಲ್ಲ ಮಡಿ ಇಲ್ಲ. ಬಹಳಷ್ಟು ಸೀಟುಗಳ ಹೊದಿಕೆ ಕಳಚಿ ಒಗೆಯಲೆಂದೇ ಇರುವಂಥದ್ದು. ಎಷ್ಟು ಬಿಸಿಯ ನೀರು, ಕೈಯಿಂದಲೋ ಮೆಷಿನ್ನಿನಲ್ಲೋ ಎಂಬುದು ಅದಕ್ಕೆ ಹೊಲಿದ ಚೀಟಿಯಲ್ಲೇ ಇರುತ್ತದೆ. ಮೊದಲು ಪುಡಿಯನ್ನೆಲ್ಲ ಕೊಡವಿ ತೆಗೆಯಬೇಕು. ವಡೆಯ ಚೂರು ಉಳಿದ ಕಡೆ ಇರುವೆ ಬರುತ್ತದೆ, ಇರುವೆಯ ಹಿಂದೆ ಇಲಿಯೂ ಬರುತ್ತದೆ. ಇಲಿ ಕಡಿದ ಪಟ್ಟಿಯ ಸೀಟನ್ನು ಬಳಸುವಂತೆಯೇ ಇಲ್ಲ.

ಪುಳಿಯೋಗರೆಯ ಅರಿಶಿನ ಹೊದಿಕೆಗೆ ತಗುಲಿದರೆ ಗಾಬರಿ ಬೇಡ. ಸೋಪು ಹಾಕಿದೊಡನೆ ಹಳದಿ ಕಲೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿಯಾಗುವ ಗುಣವೇ ಇದು. ಚೆನ್ನಾಗಿ ಜಾಲಿಸಿದರೆ ಹಳದಿಗೆ ಮರಳುತ್ತದೆ, ಉಳಿದದ್ದು ಬಿಸಿಲಿಗೆ ಮಾಸುತ್ತದೆ. ಆದರೆ ಬಿಸಿಲು ಬಟ್ಟೆಗೆ ಮಾತ್ರ. ದಿನಗಟ್ಟಲೆ ಬಿಸಿಲಿನಲ್ಲಿಟ್ಟ ಪಟ್ಟಿಯ ಎಳೆಗಳು ಸವಕಲಾಗುತ್ತವೆ, ಪ್ಲಾಸ್ಟಿಕ್ ಚಿಪ್ಪು ಪೆಡಸಾಗುತ್ತದೆ. ಸೀಟನ್ನು ತಾರಸಿಯ ಮೇಲೆ ಮರೆತು ಬರಬಾರದು. ಆಯುಧಪೂಜೆಯ ದಿನ ಸ್ಟಿಯರಿಂಗಿಗೆ ಇಡುವ ಅರಿಶಿನ ಕುಂಕುಮ ಮಗುವಿನ ಸೀಟಿಗೂ ಬರುವುದುಂಟು. ಪಟ್ಟಿಯನ್ನು ಬಿಟ್ಟು ಚಿಪ್ಪಿಗೆ ಇಟ್ಟರೆ ಪೂಜೆಗೇನೂ ಲೋಪವಾಗದು.

ಬೈಕಿನ ಮಕ್ಕಳ ಪಟ್ಟಿ

ಕೃಷ್ಣರಾಜಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಕಾರಿಗಿಂತ ಬೈಕೇ ಹೆಚ್ಚು. 2022ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರ ಹೊರಡಿಸಿದ ಮತ್ತು ಒಂದು ವರ್ಷದ ಬಳಿಕ ಜಾರಿಗೆ ಬಂದ ನಿಯಮದಂತೆ, ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವನ್ನು ದ್ವಿಚಕ್ರ ವಾಹನದಲ್ಲಿ ಕರೆದೊಯ್ಯುವಾಗ ಮಗುವನ್ನು ಸವಾರನಿಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ ಮತ್ತು ಹೆಲ್ಮೆಟ್ ಇರಬೇಕು. ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಪಟ್ಟಿ 30 ಕೆ.ಜಿ.ವರೆಗಿನ ಭಾರ ಹಿಡಿಯುವಂತಿರಬೇಕು, ನೀರು ತಡೆಯುವಂತಿರಬೇಕು ಎಂದೂ ನಿಯಮ ಹೇಳುತ್ತದೆ. ನೀರು ತಡೆಯುವುದೆಂದರೆ ಮಳೆಯಲ್ಲಿ ಕೆಡದು ಎಂದಷ್ಟೇ ಅರ್ಥ, ಸೋಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಬಹುದು ಎಂದಲ್ಲ. ತಂದೆಯ ಬೆವರು, ಮಗುವಿನ ಜೊಲ್ಲು ಎರಡೂ ಹತ್ತುವ ಈ ಪಟ್ಟಿಯನ್ನೂ ಒರೆಸಿಯೇ ಶುಚಿಮಾಡಬೇಕು. ಹಾಗೆ ಮಾಡುವಾಗ ಭುಜದ ಬಳಿಯ ಹೊಲಿಗೆಗಳು ಬಿಟ್ಟಿವೆಯೇ ಎಂದು ನೋಡಿಕೊಳ್ಳಬೇಕು. ಹೆಲ್ಮೆಟ್ಟಿನ ಗ್ರೀಸ್ ಕಲೆಯನ್ನು ಪೆಟ್ರೋಲ್ ಅಥವಾ ಥಿನ್ನರ್‌ನಿಂದ ತೆಗೆಯುವವರಿದ್ದಾರೆ. ಒಳಗಿರುವ ಥರ್ಮೋಕೋಲ್ ಪೆಟ್ರೋಲ್ ತಾಗಿದೊಡನೆ ಕರಗುತ್ತದೆ. ಏಟನ್ನು ಹೀರುವುದು ಆ ಥರ್ಮೋಕೋಲೇ. ಕಾರಿನ ಸೀಟುಗಳಲ್ಲಿ ಮಗುವಿನ ತಲೆಯ ಇಕ್ಕೆಲಗಳಲ್ಲಿ ಇಂಥದೇ ಪದರ ಇರುವುದುಂಟು.

ಮಗುವಿನ ತಳ್ಳುಗಾಡಿಯ, ಅಂದರೆ ಸ್ಟ್ರಾಲರ್‌ನ, ಸಂಗತಿ ಇಷ್ಟು ಗಂಭೀರವಲ್ಲ. ಶ್ರೀರಂಗಪಟ್ಟಣದ ಕೋಟೆಯ ಒಳಬೀದಿಗಳಲ್ಲಿ, ಸಂಗಮದ ಮರಳಿನಲ್ಲಿ ತಳ್ಳಿಬಂದ ಗಾಡಿಯ ಚಕ್ರದ ಅಚ್ಚಿನಲ್ಲಿ ಮರಳು, ಕೂದಲು, ಹೂವಿನ ದಾರ ಸುತ್ತಿಕೊಂಡಿರುತ್ತವೆ. ಅವನ್ನು ಬಿಡಿಸಿ ಒಣ ಬ್ರಷ್ಷಿನಿಂದ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಬ್ರೇಕ್ ಹಿಡಿಯುತ್ತದೆಯೇ ಎಂದು ಇಳಿಜಾರಿನಲ್ಲಿ ಖಾಲಿ ಗಾಡಿಯನ್ನೇ ನಿಲ್ಲಿಸಿ ನೋಡುವುದು ಒಳಿತು. ಮಳೆಗಾಲದಲ್ಲಿ ಒದ್ದೆಯಾದ ಗಾಡಿಯನ್ನು ಮಡಚಿ ಮೂಲೆಗೆ ಒರಗಿಸಿದರೆ ಬೂಷ್ಟು ಹಿಡಿಯುತ್ತದೆ, ಬಿಚ್ಚಿಯೇ ಒಣಗಿಸಬೇಕು.

ಮತ್ತೆ ಜೋಡಿಸುವಾಗ

ಶುಚಿಮಾಡಿದ ಸೀಟು ಕೆಡುವ ಇನ್ನೊಂದು ಗಳಿಗೆ ಮರುಜೋಡಣೆ. ಕಳಚುವ ಮುನ್ನ ಮೊಬೈಲಿನಲ್ಲಿ ಹಿಂದೆ, ಮುಂದೆ, ಪಕ್ಕದಿಂದ ನಾಲ್ಕು ಚಿತ್ರ ತೆಗೆದಿಟ್ಟುಕೊಂಡರೆ ಅರ್ಧ ಕೆಲಸ ಉಳಿಯುತ್ತದೆ. ಪಟ್ಟಿ ತಿರುಚಿಕೊಳ್ಳದೆ ಚಪ್ಪಟೆಯಾಗಿ, ಮೊದಲಿದ್ದ ಸೀಳಿನಲ್ಲೇ ಬರಬೇಕು. ಸೀಟಿನ ಹಿಂಬದಿಯಲ್ಲಿ ಎರಡೂ ಭುಜಪಟ್ಟಿಗಳನ್ನು ಹಿಡಿಯುವ ಲೋಹದ ಕೊಂಡಿಗೆ ಪಟ್ಟಿಯ ತುದಿ ಪೂರ್ತಿ ಸಿಕ್ಕಿರಬೇಕು. ಅರ್ಧ ಸಿಕ್ಕಿದ್ದು ಎಳೆದಾಗ ಗಟ್ಟಿಯೆನಿಸಿದರೂ ಡಿಕ್ಕಿಯಲ್ಲಿ ಕಳಚಿಕೊಳ್ಳುತ್ತದೆ. ಮಗುವನ್ನು ಕೂರಿಸಿ ಬಿಗಿದ ಮೇಲೆ ಭುಜದ ಬಳಿ ಪಟ್ಟಿಯನ್ನು ಎರಡು ಬೆರಳಿನಿಂದ ಚಿವುಟಿ ನೋಡಬೇಕು. ಮಡಿಕೆ ಸಿಕ್ಕರೆ ಇನ್ನೂ ಸಡಿಲವಿದೆ ಎಂದರ್ಥ. ಕಾರಿನ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಸೀಟನ್ನು ಹಿಡಿದು ಅಲುಗಿಸಿದರೆ ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು.

ಅಕ್ಕನ ಮಗನಿಗೆ ಕೊಂಡ ಸೀಟು ತಂಗಿಯ ಮಗಳಿಗೆ ಬರುವುದು ನಮ್ಮಲ್ಲಿ ಸಹಜ. ತೊಟ್ಟಿಲು ಮೂರು ತಲೆಮಾರು ಬಂದರೆ ಅದು ಹೆಮ್ಮೆ. ಕಾರ್ ಸೀಟಿಗೆ ಆ ಮಾತು ಅನ್ವಯಿಸುವುದಿಲ್ಲ. ಚಿಪ್ಪಿನ ತಳದಲ್ಲಿ ತಯಾರಿಕೆಯ ದಿನಾಂಕ, ಹಲವು ಸೀಟುಗಳಲ್ಲಿ ಬಳಕೆಯ ಕೊನೆಯ ವರ್ಷವೂ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ಆರರಿಂದ ಹತ್ತು ವರ್ಷ. ಕೈಬದಲಾಗುವ ಮುನ್ನ ಅದನ್ನು ನೋಡಬೇಕು, ಹಿಂದೆ ಅಪಘಾತದಲ್ಲಿತ್ತೇ ಎಂದು ಸಂಕೋಚಪಡದೆ ಕೇಳಬೇಕು, ಪಟ್ಟಿಯನ್ನು ಒಗೆದಿದ್ದರೇ ಎಂಬುದನ್ನೂ. ದೊಡ್ಡ ಅಪಘಾತ ಕಂಡ ಸೀಟು, ಅವಧಿ ಮುಗಿದ ಸೀಟು ಗುಜರಿಗೆ ಹೋಗುವ ಮುನ್ನ ಅದರ ಪಟ್ಟಿಗಳನ್ನು ಕತ್ತರಿಸಿ ಹಾಕುವುದು ಒಳ್ಳೆಯದು. ಇಲ್ಲವಾದರೆ ಯಾರೋ ಅದನ್ನು ತೊಳೆದು, ಹೊಳಪು ಬರಿಸಿ, ಮತ್ತೊಂದು ಮಗುವನ್ನು ಅದರಲ್ಲಿ ಕೂರಿಸಿಯಾರು.