ಹಳೆಯ ನಾಣ್ಯಕ್ಕೆ ಬೆಲೆ ಬರುವುದೇತರಿಂದ?

ನಾಣ್ಯ ಹಳೆಯದಾದಷ್ಟೂ ಬೆಲೆ ಹೆಚ್ಚೆಂಬುದು ಹಲವರ ನಂಬಿಕೆ. ಹರಾಜಿನ ಕಟ್ಟೆ ಇದನ್ನು ಒಪ್ಪುವುದಿಲ್ಲ.

ಕೃಷ್ಣಗಿರಿಯ ಬಾರಾಮಹಲು 1792ರವರೆಗೂ, ಉದ್ದನಪಲ್ಲಿಯಿರುವ ಹೊಸೂರು ಸೀಮೆ 1799ರವರೆಗೂ ಮೈಸೂರಿನ ಆಳ್ವಿಕೆಗೆ ಸೇರಿದ್ದವು. ಆದುದರಿಂದ ಟಿಪ್ಪುವಿನ ಆನೆಯ ಕಾಸು ನಮಗೆ ಅಪರಿಚಿತವಲ್ಲ. ಇನ್ನೂರು ವರ್ಷ ಕಳೆದರೂ ಸವೆದ ಕಾಸಿಗೆ ಹೆಚ್ಚು ಬೆಲೆಯಿಲ್ಲ. ಅವು ಹೇರಳವಾಗಿ ಉಳಿದಿವೆ. ಅದೇ ದೊರೆಯ ‘ಹೈದರಿ’ ಎಂಬ ಎರಡು ರೂಪಾಯಿಯ ಬೆಳ್ಳಿ ನಾಣ್ಯವಾದರೋ ವಿರಳ, ಬೆಲೆಯೂ ಹಿರಿದು.

ಹೀಗೆ ಮೊದಲನೆಯ ಕಾರಣ ವಿರಳತೆ. ಎರಡನೆಯದು ಟಂಕಸಾಲೆ ಮತ್ತು ವರ್ಷ. ಪಟ್ಟಣ, ನಗರ ಮೊದಲಾದ ಟಂಕಸಾಲೆಗಳ ಹೆಸರನ್ನೂ, ಬಲದಿಂದ ಎಡಕ್ಕೆ ಬರೆದ ಮೌಲೂದಿ ವರ್ಷಾಂಕವನ್ನೂ ಓದಬಲ್ಲವನಿಗೆ ಒಂದೇ ಬಗೆಯ ಕಾಸುಗಳಲ್ಲಿಯೂ ಭೇದ ತೋರುವುದು. ಮೂರನೆಯದು ಸ್ಥಿತಿ. ಅಮೆರಿಕದಲ್ಲಿ 1794ರ ಬೆಳ್ಳಿ ಡಾಲರುಗಳು ಟಂಕಸಾಲೆಯಿಂದ ಹೊರಬಂದುದು 1,758 ಮಾತ್ರ. ಅವುಗಳಲ್ಲಿ ಅಚ್ಚು ಸ್ವಲ್ಪವೂ ಮಾಸದ ಒಂದು, 2013ರ ಜನವರಿಯಲ್ಲಿ ಒಂದು ಕೋಟಿ ಡಾಲರಿಗೂ ಮೀರಿ ಹರಾಜಾಯಿತು; ಅದೇ ವರ್ಷದ ಸವೆದ ನಾಣ್ಯಗಳಿಗೆ ಇದರ ಅಲ್ಪಾಂಶವೂ ದೊರೆಯದು. ನಾಲ್ಕನೆಯದು ಪೂರ್ವೋತ್ತರ: ಎಲ್ಲಿ ಸಿಕ್ಕಿತು, ಯಾರ ಸಂಗ್ರಹದಲ್ಲಿತ್ತು ಎಂಬ ದಾಖಲೆ. ಇಷ್ಟಿದ್ದೂ ಇಬ್ಬರು ಹಟದಿಂದ ಕೂಗಿದರೆ ಮಾತ್ರ ಬೆಲೆ ಏರುವುದು.

ನಮ್ಮ ಕಡೆ ನಷ್ಟವಾಗುವುದು ಕೊನೆಯ ಎರಡು ಗುಣಗಳೇ. ಹುಣಿಸೆಹಣ್ಣಿನಿಂದ ಉಜ್ಜಿದ ಕಾಸು ತನ್ನ ಮೈಬಣ್ಣವನ್ನು ಕಳೆದುಕೊಳ್ಳುತ್ತದೆ. ಅಕ್ಕಸಾಲಿಯ ಮೂಸೆಗೆ ಬಿದ್ದುದು ಊರಿನ ಚರಿತ್ರೆಯನ್ನೇ. ನೆಲದಲ್ಲಿ ದೊರೆತ ನಿಧಿಯ ಬೆಲೆ ಹತ್ತು ರೂಪಾಯಿ ಮೀರಿದರೆ ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ಕಾಯಿದೆ ವಿಧಿಸಿದೆ. ಉಪಾಧ್ಯಾಯರು ವಿದ್ಯಾರ್ಥಿಗಳ ಮನೆಯ ನಾಣ್ಯಗಳನ್ನು ಉಜ್ಜಗೊಡದೆ, ಸಿಕ್ಕಿದ ಊರು, ತೂಕ, ಬರಹಗಳನ್ನು ಗುರುತುಮಾಡಿಟ್ಟರೆ ಸಾಕು. ಹರಾಜು ಕೊಡುವ ಬೆಲೆ ಒಬ್ಬನಿಗೆ. ದಾಖಲೆಯ ಬೆಲೆ ನಾಡಿಗೆಲ್ಲ.